ಅಡುಗೆಮನೆ ಪ್ರಶ್ನೋತ್ತರ: ಡಕ್ ಬ್ರೆಸ್ಟಿನ ಹದ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಾತುಕೋಳಿಯ ಎದೆಮಾಂಸದ ಬಗ್ಗೆ, ಅಂದರೆ ಡಕ್ ಬ್ರೆಸ್ಟ್ ಬಗ್ಗೆ. ಬರೆದವರೆಲ್ಲ ವೃತ್ತಿಯ ಅಡುಗೆಯವರು. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಪ್ಯಾನ್ ಚೆನ್ನಾಗಿ ಕಾದ ಮೇಲೇ ಬ್ರೆಸ್ಟ್ ಇಡುತ್ತೇನೆ. ಆದರೂ ಚರ್ಮ ಒಂದು ದಿನ ಸೀಯುತ್ತದೆ, ಇನ್ನೊಂದು ದಿನ ರಬ್ಬರಿನಂತಾಗುತ್ತದೆ. ತಪ್ಪು ಎಲ್ಲಿದೆ?

ಆ ಕಾದ ಪ್ಯಾನಿನಲ್ಲೇ ಇದೆ. ಸ್ಟೀಕಿಗೆ ಸರಿಹೋಗುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಬಾತುಕೋಳಿಯ ಚರ್ಮದಡಿ ದಪ್ಪ ಕೊಬ್ಬಿನ ಪದರ ಇರುತ್ತದೆ. ಆ ಕೊಬ್ಬು ನಿಧಾನವಾಗಿ ಕರಗಿ ಹೊರಗೆ ಹರಿದ ಮೇಲಷ್ಟೇ ಚರ್ಮ ಗರಿಗರಿಯಾಗುವುದು. ಕಾದ ಲೋಹ ಮುಟ್ಟಿದ ಚರ್ಮ ಒಮ್ಮೆಲೇ ಕುಗ್ಗಿ ಸುರುಟಿಕೊಳ್ಳುತ್ತದೆ. ಹೊರಮೈ ಕಂದಾಗಿ ಸೀಯತೊಡಗುತ್ತದೆ, ಕೊಬ್ಬು ಮಾತ್ರ ಇದ್ದಲ್ಲೇ ಇರುತ್ತದೆ. ಸೀದೀತೆಂದು ಬೇಗ ತಿರುವಿದಿರೋ, ರಬ್ಬರ್ ಸಿಕ್ಕಿತು.

ಕೆಲಸ ಹಿಂದಿನ ದಿನವೇ ಶುರುವಾಗಬೇಕು. ಮಾಂಸದ ಬದಿಯ ಬೆಳ್ಳನೆಯ ಪೊರೆಯನ್ನೂ ಉಳಿದ ರಕ್ತನಾಳವನ್ನೂ ತೆಗೆಯಿರಿ. ಚರ್ಮದಲ್ಲಿ ಗರಿಯ ಮೊಳಕೆ ಉಳಿದಿದ್ದರೆ ಚಿಮಟದಿಂದ ಕೀಳಿ. ಮಾಂಸದ ಅಂಚು ದಾಟಿ ಜೋತಾಡುವ ಚರ್ಮವನ್ನು ಕತ್ತರಿಸಿಬಿಡಿ. ಫ್ರಿಜ್ಜಿನಿಂದ ತೆಗೆದ ಕೂಡಲೇ, ಕೊಬ್ಬು ಗಟ್ಟಿಯಾಗಿರುವಾಗ, ಹರಿತವಾದ ಚಾಕುವಿನಿಂದ 4–5 ಮಿಲಿಮೀಟರ್ ಅಂತರದಲ್ಲಿ ಅಡ್ಡಡ್ಡ ಗೀರು ಹಾಕಿ. ಗೀರು ಕೊಬ್ಬಿನಲ್ಲೇ ನಿಲ್ಲಬೇಕು. ಮಾಂಸಕ್ಕೆ ತಗುಲಿದರೆ ಬೇಯುವಾಗ ಅಲ್ಲಿಂದ ರಸ ಸೋರುತ್ತದೆ, ಎಣ್ಣೆ ಸಿಡಿಯುತ್ತದೆ, ಚರ್ಮ ಹುರಿಯುವ ಬದಲು ಹಬೆಯಲ್ಲಿ ಬೇಯುತ್ತದೆ. ಚರ್ಮದ ಮೇಲಿನ ಸೂಕ್ಷ್ಮಜೀವಿಗಳನ್ನು ಚಾಕುವೇ ಮಾಂಸದೊಳಕ್ಕೆ ಒಯ್ದಂತೆಯೂ ಆಗುತ್ತದೆ. ಆಮೇಲೆ ತೂಕದ ಶೇ. 1ರಷ್ಟು ಉಪ್ಪು, ಅಂದರೆ 300 ಗ್ರಾಂ ಬ್ರೆಸ್ಟಿಗೆ 3 ಗ್ರಾಂ, ಸವರಿ ಜಾಲರಿಯ ಮೇಲೆ ಚರ್ಮ ಮೇಲಾಗಿ ಇಡಿ. 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ತಂಪಿನ ಫ್ರಿಜ್ಜಿನ ಅತಿ ಕೆಳಗಿನ ತಟ್ಟಿನಲ್ಲಿ, ಮುಚ್ಚದೆ, 12ರಿಂದ 24 ಗಂಟೆ. ಒಣಗಿದ ಚರ್ಮ ಅರ್ಧ ಗೆದ್ದಂತೆ.

ಬೇಯಿಸುವಾಗ ತಣ್ಣಗಿನ, ದಪ್ಪ ತಳದ ಪ್ಯಾನ್ ಇರಲಿ. ಎಣ್ಣೆ ಬೇಡ. ಚರ್ಮ ಕೆಳಗೆ ಮಾಡಿ ಇಟ್ಟು ಆಮೇಲೆ ಉರಿ ಹೊತ್ತಿಸಿ, ಸಣ್ಣ ಉರಿಗಿಂತ ತುಸು ಮೇಲೆ. ಮೊದಲ ಎರಡು ಮೂರು ನಿಮಿಷ ಮೇಲೊಂದು ಭಾರ ಇಟ್ಟರೆ ಚರ್ಮ ಸುರುಟದು. ಕಿವಿಗೆ ಮೆಲ್ಲಗಿನ ಚಿಟಪಟ ಮಾತ್ರ ಕೇಳಬೇಕು. ಜೋರಾಗಿ ಸಿಡಿಯುತ್ತಿದ್ದರೆ ಉರಿ ಹೆಚ್ಚಾಯಿತು, ಸದ್ದೇ ಇಲ್ಲದಿದ್ದರೆ ಕಡಿಮೆಯಾಯಿತು. ಕರಗಿದ ಕೊಬ್ಬನ್ನು ಆಗಾಗ ಬಸಿಯುತ್ತಿರಿ, ತಳ ತೇವವಾಗಿರುವಷ್ಟು ಉಳಿದರೆ ಸಾಕು. ತೆಳ್ಳಗಿನ ಬ್ರೆಸ್ಟಿಗೆ 6–8 ನಿಮಿಷ, ದಪ್ಪದ್ದಕ್ಕೆ 10–15. ಕೊಬ್ಬಿನ ಪದರ ತೆಳ್ಳಗಾಗಿ ಚರ್ಮ ಹೊಂಬಣ್ಣಕ್ಕೆ ಬಂದಾಗ ತಿರುವಿ. ಮಾಂಸದ ಬದಿಗೆ ಒಂದೆರಡು ನಿಮಿಷ ಸಾಕು. ಹದಕ್ಕೆ ಇನ್ನೂ ಬೇಕೆನಿಸಿದರೆ 180 ಡಿಗ್ರಿಯ ಓವನ್ನಿಗೆ ಕಳಿಸಿ.

ಕೊನೆಗೆ ಜಾಲರಿಯ ಮೇಲೆ ಚರ್ಮ ಮೇಲಾಗಿ 6–8 ನಿಮಿಷ ಬಿಡಿ. ಫಾಯಿಲ್ ಬಿಗಿದು ಮುಚ್ಚುವವರಿದ್ದಾರೆ. ಅಷ್ಟು ಹೊತ್ತು ಕಾದು ಗರಿ ಮಾಡಿದ ಚರ್ಮವನ್ನು ಐದೇ ನಿಮಿಷದಲ್ಲಿ ಒದ್ದೆ ಮಾಡಲು ಅದಕ್ಕಿಂತ ಸುಲಭದ ದಾರಿ ಬೇರಿಲ್ಲ.

ಪ್ರಶ್ನೆ: ಬ್ರೆಸ್ಟನ್ನು ತೊಳೆದು ಒರೆಸಿ ಇಡುವುದು ನಮ್ಮಲ್ಲಿ ರೂಢಿ. ಸರಿಯೇ?

ಬೇಡ. ತೊಳೆದರೆ ಸೂಕ್ಷ್ಮಜೀವಿ ಹೋಗುವುದಿಲ್ಲ. ಸಿಂಕ್, ನಲ್ಲಿ, ಪಕ್ಕದಲ್ಲಿಟ್ಟ ಸೊಪ್ಪಿನ ತಟ್ಟೆಗೆ ಹನಿಯಾಗಿ ಸಿಡಿಯುತ್ತದೆ ಅಷ್ಟೆ. ಪೇಪರ್ ಟವೆಲಿನಿಂದ ಒತ್ತಿ ಒರೆಸಿ, ಅದನ್ನು ನೇರ ಕಸಕ್ಕೆ ಹಾಕಿ ಕೈತೊಳೆಯಿರಿ.

ಪ್ರಶ್ನೆ: ನಮ್ಮ ಶೆಫ್ 54 ಡಿಗ್ರಿಗೆ ತೆಗೆಯಿರಿ ಎನ್ನುತ್ತಾರೆ. ತಪಾಸಣೆಗೆ ಬಂದವರು 74 ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾರೆ. ಶೆಫ್ ಹೇಳುವುದು ರುಚಿಯ ಅಂಕಿ. 54ರಲ್ಲಿ ತೆಗೆದರೆ ವಿಶ್ರಾಂತಿಯ ಹೊತ್ತಿನಲ್ಲಿ ಇನ್ನೂ ಮೂರು ನಾಲ್ಕು ಡಿಗ್ರಿ ಏರಿ, ಒಳಗೆ ಗುಲಾಬಿ ಬಣ್ಣದ ರಸಭರಿತ ಮಾಂಸ ಸಿಗುತ್ತದೆ. 65 ದಾಟಿದಂತೆ ಅದು ಬಿಗಿಯುತ್ತದೆ, 70ರ ಮೇಲೆ ಒಣಗಿ ಲಿವರಿನ ವಾಸನೆ ಬರತೊಡಗುತ್ತದೆ. ತಪಾಸಣೆಯವರು ಹೇಳುವುದು ಸುರಕ್ಷತೆಯ ಅಂಕಿ. ಅಮೆರಿಕದ ಫುಡ್ ಕೋಡ್, ಅಂದರೆ ಅಲ್ಲಿನ ಹೋಟೆಲ್ ಅಡುಗೆಮನೆಗಳ ಆಹಾರ ಸುರಕ್ಷತಾ ನಿಯಮಾವಳಿಯ ಪ್ರಕಾರ ಕೋಳಿ, ಬಾತುಕೋಳಿಯಂಥ ಯಾವ ಹಕ್ಕಿ ಮಾಂಸಕ್ಕೂ ನಡುಭಾಗ 74 ಮುಟ್ಟಬೇಕು. ಆ ಬಿಸಿಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯಲು ಕ್ಷಣ ಸಾಕು.

"ದನದ ಸ್ಟೀಕ್ ರೇರ್ ಆಗಿ, ಒಳಗೆ ಕೆಂಪಿರುವಂತೆಯೇ ಕೊಡುತ್ತೇವಲ್ಲ, ಇದೂ ಕೆಂಪು ಮಾಂಸವೇ" ಎಂಬ ವಾದ ಅಡುಗೆಮನೆಗಳಲ್ಲಿ ಓಡಾಡುತ್ತಿರುತ್ತದೆ. ಬಣ್ಣ ಕೆಂಪಾದ ಮಾತ್ರಕ್ಕೆ ನಿಯಮ ಬದಲಾಗದು. ಇಡಿಯಾದ ದನದ ಮಾಂಸಕ್ಕೆ ಫುಡ್ ಕೋಡ್ ಕೊಟ್ಟ ವಿನಾಯಿತಿ ಹಕ್ಕಿ ಮಾಂಸಕ್ಕಿಲ್ಲ. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎರಡೂ ಬಾತುಕೋಳಿಯಲ್ಲಿ ಇರಬಲ್ಲವು, ಗರಿ ಕಿತ್ತ ರಂಧ್ರಗಳಲ್ಲಿ ಅಡಗಿ ಕೂರಬಲ್ಲವು. ಸೂಜಿಯಿಂದ ಉಪ್ಪುನೀರು ತುಂಬಿಸಿದ ಸರಕಾದರೆ ಮೇಲ್ಮೈಯಲ್ಲಿದ್ದದ್ದು ನಡುಭಾಗಕ್ಕೇ ಹೋಗಿರುತ್ತದೆ. ಪ್ಯಾಕೆಟ್ಟಿನ ಲೇಬಲ್ ಓದಿ. ಅಂಥ ಸರಕನ್ನು ಗುಲಾಬಿಯಾಗಿ ಕೊಡುವ ಯೋಚನೆಯನ್ನೇ ಬಿಡಿ.

ಹಾಗಾದರೆ ಗುಲಾಬಿ ಹದ ಬಿಡಲೇಬೇಕೆ? ಬೇಡ. ತಾಪಮಾನದ ಜೊತೆ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ದಾರಿ ಇದೆ. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ ಸಮಾನವೆಂದು ಒಪ್ಪುವ ಜೋಡಿಗಳಿವು: ನಡುಭಾಗ 60 ಡಿಗ್ರಿಯಲ್ಲಿ 45 ನಿಮಿಷ, 65ರಲ್ಲಿ 10 ನಿಮಿಷ, 70ರಲ್ಲಿ 2 ನಿಮಿಷ, 75ರಲ್ಲಿ 30 ಸೆಕೆಂಡ್. 60ರಲ್ಲಿ 45 ನಿಮಿಷ ಕಳೆದ ಬ್ರೆಸ್ಟ್ ಒಳಗೆ ಇನ್ನೂ ಗುಲಾಬಿಯೇ. ಪ್ಯಾನಿನಲ್ಲಿ ಅಷ್ಟು ಹೊತ್ತು 60ರಲ್ಲೇ ಹಿಡಿದು ನಿಲ್ಲಿಸಲಾಗದು, ಚೀಲದಲ್ಲಿ ಮುಚ್ಚಿ ಒಂದೇ ಬಿಸಿಯ ನೀರಿನ ತೊಟ್ಟಿಯಲ್ಲಿ ಬೇಯಿಸಿದರೆ, ಅಂದರೆ ಸೂ ವೀಡ್‌ನಲ್ಲಿ, ಆಗುತ್ತದೆ. ಹಾಗಾಗಿ ಬಣ್ಣ ನೋಡಿ ಸುರಕ್ಷಿತವೋ ಅಲ್ಲವೋ ಎಂದು ಹೇಳಲು ಬರುವುದಿಲ್ಲ. ಪ್ಯಾನಿನಲ್ಲಿ 57ಕ್ಕೆ ಮುಗಿಸಿದ್ದೂ ತೊಟ್ಟಿಯಲ್ಲಿ 60ಕ್ಕೆ ಮುಗಿಸಿದ್ದೂ ತಟ್ಟೆಯಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಮೊದಲನೆಯದು ಅರೆಬೆಂದದ್ದು, ಎರಡನೆಯದು ಪಾಶ್ಚರೀಕರಣ ಆದದ್ದು, ಅಂದರೆ ರೋಗಾಣು ಸಾಯುವಷ್ಟು ಹೊತ್ತು ಬಿಸಿಯಲ್ಲಿ ಇದ್ದದ್ದು.

ಪ್ಯಾನಿನಲ್ಲೇ 54–57ಕ್ಕೆ ಮುಗಿಸಿ ಕೊಡುವುದಾದರೆ ನಿಮ್ಮಲ್ಲಿನ ಕಾನೂನು ಅದನ್ನು ಒಪ್ಪುತ್ತದೆಯೇ ಎಂದು ಮೊದಲು ನೋಡಿ. ಫುಡ್ ಕೋಡ್ ನಡೆಯುವಲ್ಲಿ ಗ್ರಾಹಕರು ಕೇಳಿದರೆ ಕೊಡಬಹುದು, ಆದರೆ ಈ ಖಾದ್ಯ ಅರೆಬೆಂದದ್ದು, ಅಪಾಯ ಇದೆ ಎಂದು ಮೆನುವಿನಲ್ಲಿ ಬರೆದಿರಬೇಕು. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಮಾತ್ರ 74 ಅಥವಾ ಅದಕ್ಕೆ ಸಮನಾದ ಸಮಯ-ತಾಪಮಾನ. ಆಸ್ಪತ್ರೆ, ವೃದ್ಧಾಶ್ರಮದ ಅಡುಗೆಮನೆಗಳಲ್ಲಿ ಈ ಚರ್ಚೆಯೇ ಬೇಡ.

ಪ್ರಶ್ನೆ: ಬೆರಳಿನಿಂದ ಒತ್ತಿ ನೋಡಿ ಹದ ಹೇಳುವ ಹಿರಿಯರಿದ್ದಾರೆ. ಥರ್ಮಾಮೀಟರ್ ಬೇಕೇಬೇಕೆ?

ಬೇಕು. ಡಕ್ ಬ್ರೆಸ್ಟಿನಲ್ಲಿ ಬೆರಳಿಗೆ ಸಿಗುವ ಮೆತ್ತನೆಯ ಭಾಗದಲ್ಲಿ ಕೊಬ್ಬಿನ ಪಾಲೂ ಇರುತ್ತದೆ, ಅನುಭವಿಗಳೂ ಮೋಸಹೋಗುತ್ತಾರೆ. ಕಡ್ಡಿಯನ್ನು ಮೇಲಿನಿಂದ ಚುಚ್ಚಬೇಡಿ. ದಪ್ಪ ತುದಿಯ ಪಕ್ಕದಿಂದ, ಮಾಂಸದ ನಡುವಿಗೆ, ಕೊಬ್ಬು ಮುಟ್ಟದಂತೆ ತೂರಿಸಿ. ಪ್ರತಿ ಸಲ ಆಲ್ಕೋಹಾಲ್ ವೈಪ್‌ನಿಂದ ಒರೆಸಿ. ಸರ್ವಿಸ್ ಶುರುವಾಗುವ ಮುನ್ನ ಪುಡಿ ಮಂಜುಗಡ್ಡೆ ತುಂಬಿದ ನೀರಿನಲ್ಲಿ ಅದ್ದಿದಾಗ 0 ತೋರಿಸದಿದ್ದರೆ ಸರಿಪಡಿಸಿ, ಇಲ್ಲವೇ ಬದಲಿಸಿ.

ಜೊತೆಗೇ ಇಕ್ಕಳದ ಮಾತು. ಹಸಿ ಬ್ರೆಸ್ಟನ್ನು ಪ್ಯಾನಿಗೆ ಇಟ್ಟ ಇಕ್ಕಳದಲ್ಲೇ ಬೆಂದದ್ದನ್ನು ಎತ್ತುವುದು ಈ ಖಾದ್ಯದಲ್ಲಿ ಕಾಣುವ ಅತಿ ಸಾಮಾನ್ಯ ಎಡವಟ್ಟು. ತಿರುವಿದ ಮೇಲೆ ಇಕ್ಕಳ ಬದಲಾಗಲಿ, ಕತ್ತರಿಸುವ ಹಲಗೆಯೂ ಬೇರೆಯಿರಲಿ.

ಪ್ರಶ್ನೆ: ರೆಸಿಪಿಯಲ್ಲಿ 12 ನಿಮಿಷ ಅಂತಿದೆ. ಒಮ್ಮೆ ಸರಿಬರುತ್ತದೆ, ಮುಂದಿನ ಸರಕಿನಲ್ಲಿ ಅತಿಯಾಗುತ್ತದೆ.

ಸರಕಿನ ತಳಿ ಬದಲಾಗಿರಬೇಕು. ಪೆಕಿನ್ ತಳಿಯ ಬ್ರೆಸ್ಟ್ ಸಾಮಾನ್ಯವಾಗಿ 150–200 ಗ್ರಾಂ, ಮೃದು, ರುಚಿ ಸೌಮ್ಯ. ಮಸ್ಕೊವಿ ದೊಡ್ಡದು, ಕೊಬ್ಬು ಕಡಿಮೆ, ಅತಿಯಾಗಿ ಬೆಂದರೆ ಬಹುಬೇಗ ಒಣಗುತ್ತದೆ. ಇವೆರಡರ ಮಿಶ್ರತಳಿ ಮುಲಾರ್. ಅದನ್ನು ಫ್ವಾ ಗ್ರಾಗಾಗಿ, ಅಂದರೆ ಕೊಬ್ಬಿದ ಲಿವರಿಗಾಗಿ, ಕೊಬ್ಬಿಸಿದಾಗ ಸಿಗುವ ಎದೆಮಾಂಸವೇ ಮಾಗ್ರೆ. 350 ಗ್ರಾಂಗೂ ಮೇಲೆ ತೂಗುತ್ತದೆ, ಕೊಬ್ಬು ಬಲು ದಪ್ಪ. ಇದನ್ನು ಸ್ಟೀಕಿನಂತೆ ಗುಲಾಬಿಯಾಗಿ ಬೇಯಿಸುವ ಕ್ರಮವನ್ನು ಜನಪ್ರಿಯಗೊಳಿಸಿದ ಹೆಸರು ಫ್ರಾನ್ಸಿನ ಗ್ಯಾಸ್ಕನಿಯ ಬಾಣಸಿಗ ಆಂದ್ರೆ ದಾಗ್ಯಾಂ ಅವರದು. ಅದಕ್ಕೂ ಮೊದಲು ಆ ಕಡೆ ಅದು ಹೆಚ್ಚಾಗಿ ಕೊಬ್ಬಿನಲ್ಲಿ ನಿಧಾನವಾಗಿ ಬೆಂದು ಕೋಂಫಿಯಾಗುತ್ತಿತ್ತು. ರೆಸಿಪಿಯ ಮೇಲೆ ನಿಮಿಷದ ಜೊತೆ ತಳಿ ಮತ್ತು ತೂಕವನ್ನೂ ಬರೆದಿಡಿ. ಒಂದೇ ಸರ್ವಿಸ್‌ಗೆ ಬಳಸುವ ಬ್ರೆಸ್ಟುಗಳ ತೂಕದಲ್ಲಿ 30 ಗ್ರಾಂಗಿಂತ ಹೆಚ್ಚು ಏರುಪೇರು ಇರದಂತೆ ಬೇರ್ಪಡಿಸಿ.

ಪ್ರಶ್ನೆ: 120 ಜನರ ಔತಣ ಇದೆ. ಬೆಳಿಗ್ಗೆಯೇ ಚರ್ಮ ಹುರಿದಿಟ್ಟು, ರಾತ್ರಿ ಓವನ್ನಿನಲ್ಲಿ ಗುಲಾಬಿ ಹದಕ್ಕೆ ಮುಗಿಸಬಹುದೇ?

ಹೀಗೆ ಮಾಡುವ ಅಡುಗೆಮನೆಗಳು ಬೇಕಾದಷ್ಟಿವೆ, ಆದರೂ ಬೇಡ. ಅರ್ಧ ಬೇಯಿಸಿದ ಮಾಂಸ ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ಮತ್ತೆ ಬಿಸಿಯಾಗುವಾಗ ಇನ್ನೊಮ್ಮೆ ಸೂಕ್ಷ್ಮಜೀವಿಗಳು ಬೆಳೆಯುವ ಉಗುರುಬೆಚ್ಚಗಿನ ವಲಯ ದಾಟುತ್ತದೆ. ಕೊನೆಯಲ್ಲಿ 57ಕ್ಕೆ ನಿಲ್ಲಿಸಿದರೆ, ನಡುವೆ ಬೆಳೆದದ್ದನ್ನು ಕೊಲ್ಲುವ ಹಂತವೇ ಇರುವುದಿಲ್ಲ. ಎರಡು ಕಂತಿನಲ್ಲಿ ಬೇಯಿಸಲು ಫುಡ್ ಕೋಡ್ ಹಾಕುವ ಷರತ್ತುಗಳು ಬಿಗಿಯಾಗಿವೆ: ಮೊದಲ ಕಂತು 60 ನಿಮಿಷ ಮೀರಬಾರದು, ಕೂಡಲೇ ತಣಿಸಬೇಕು, ಎರಡನೇ ಕಂತಿನಲ್ಲಿ ಹಕ್ಕಿ ಮಾಂಸ ಪೂರ್ತಿ 74ಕ್ಕೆ ಹೋಗಬೇಕು, ಇಡೀ ಕ್ರಮ ಲಿಖಿತವಾಗಿದ್ದು ಅನುಮೋದನೆ ಪಡೆದಿರಬೇಕು. ಔತಣದಲ್ಲಿ ಎಲ್ಲರಿಗೂ ಒಂದೇ ತಟ್ಟೆ ಹೋಗುತ್ತದೆ, ಅರೆಬೆಂದದ್ದನ್ನು ಯಾರೂ ಕೇಳಿ ಪಡೆಯುವುದಿಲ್ಲ. ಹಾಗಾಗಿ ಮೆನುವಿನ ಎಚ್ಚರಿಕೆ ಸಾಲು ಇಲ್ಲಿ ನಿಮ್ಮನ್ನು ಕಾಯದು.

ಅದೇ ದಿನ ಸೂ ವೀಡ್ ಮಾಡುವುದು ಉತ್ತಮ. ಗೀರು ಹಾಕಿ ಉಪ್ಪು ಹಿಡಿದ ಬ್ರೆಸ್ಟನ್ನು ಚೀಲಕ್ಕೊಂದರಂತೆ ವ್ಯಾಕ್ಯೂಮ್ ಮಾಡಿ, ನೀರನ್ನು 61 ಡಿಗ್ರಿಗೆ ಇಡಿ. ಸರಿಯಾಗಿ 60ಕ್ಕೆ ಇಟ್ಟರೆ ನಡುಭಾಗ ಆ ಕೊನೆಯ ಡಿಗ್ರಿ ಮುಟ್ಟಲು ವಿಪರೀತ ತಡವಾಗುತ್ತದೆ. 3 ಸೆಂಟಿಮೀಟರ್ ದಪ್ಪದ ಬ್ರೆಸ್ಟ್ 60 ತಲುಪಲು ಸುಮಾರು ಒಂದೂವರೆ ಗಂಟೆ ಬೇಕು. 45 ನಿಮಿಷದ ಎಣಿಕೆ ಅಲ್ಲಿಂದ ಮುಂದೆ. ಒಟ್ಟು ಎರಡೂಕಾಲು ಗಂಟೆ ಇಟ್ಟುಕೊಳ್ಳಿ. ಚೀಲಗಳನ್ನು ಒತ್ತೊತ್ತಾಗಿ ತುಂಬಿದರೆ ನಡುವಿನವು ಹಿಂದುಳಿಯುತ್ತವೆ, ನೀರು ಸುತ್ತಲೂ ಓಡಾಡಬೇಕು. ನಾಲ್ಕು ಗಂಟೆ ದಾಟಿಸಬೇಡಿ, ಮಾಂಸ ಕಚ್ಚಿದರೆ ಹಿಟ್ಟುಹಿಟ್ಟಾಗುತ್ತದೆ. ಬಡಿಸುವ ಹೊತ್ತಿಗೆ ತಂಡತಂಡವಾಗಿ ತೆಗೆದು, ಚರ್ಮವನ್ನು ಚೆನ್ನಾಗಿ ಒರೆಸಿ, ಪ್ಯಾನಿನಲ್ಲಿ ಚರ್ಮದ ಬದಿ ಮಾತ್ರ 4–6 ನಿಮಿಷ ಹುರಿಯಿರಿ. ಕೊಬ್ಬು ಆಗಲೇ ಮೆತ್ತಗಾಗಿರುವುದರಿಂದ ಬೇಗ ಕರಗುತ್ತದೆ. ಚರ್ಮ ಮೆದುವಾಗಿಯೇ ಉಳಿಯಿತು ಎಂದು ಬರೆದವರು ಒರೆಸುವ ಹಂತವನ್ನು ಅವಸರದಲ್ಲಿ ಮುಗಿಸಿರುತ್ತಾರೆ.

ಹಿಂದಿನ ದಿನವೇ ಬೇಯಿಸಿಡುವುದಾದರೆ ಮಂಜುನೀರಿನಲ್ಲಿ ಮುಳುಗಿಸಿ ತಣಿಸಿ: 57ರಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮುಂದಿನ ನಾಲ್ಕು ಗಂಟೆಯೊಳಗೆ ಇಳಿಯಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಪೂರ್ತಿ ಪಾಶ್ಚರೀಕರಣವಾಗಿ ಸರಿಯಾಗಿ ತಣಿದ ಬ್ರೆಸ್ಟನ್ನು ಒಂದು ಆರ್ಡರಿಗೆ ಬಿಸಿ ಮಾಡಿ ಕೂಡಲೇ ಬಡಿಸುವಾಗ ಯಾವ ತಾಪಮಾನದಲ್ಲಾದರೂ ಕೊಡಬಹುದು. ಆದರೆ ಅದೇ ತಣ್ಣಗಿನ ಬ್ರೆಸ್ಟನ್ನು ಬಿಸಿ ಮಾಡಿ ಹಾಟ್ ಬಾಕ್ಸ್‌ನಲ್ಲಿ ಇರಿಸಬೇಕೆಂದರೆ 74ಕ್ಕೇ ಏರಿಸಬೇಕು, ಗುಲಾಬಿ ಬಣ್ಣ ಅಲ್ಲಿಗೆ ಮುಗಿಯಿತು. ಔತಣಕ್ಕೆ ಅದೇ ದಿನದ ಅಡುಗೆ ಎಂದದ್ದು ಇದಕ್ಕೇ. ಅಂದ ಹಾಗೆ, ವ್ಯಾಕ್ಯೂಮ್ ಚೀಲದ ಅಡುಗೆಗೆ ಹಲವೆಡೆ ಲಿಖಿತ ಸುರಕ್ಷತಾ ಯೋಜನೆ ಕಡ್ಡಾಯ.

ಪ್ರಶ್ನೆ: ತಟ್ಟೆಯಲ್ಲಿ ರಕ್ತ ನಿಂತಿದೆ ಎಂದು ಗ್ರಾಹಕರು ವಾಪಸ್ ಕಳಿಸುತ್ತಾರೆ.

ಅದು ರಕ್ತವಲ್ಲ, ನೀರಿನೊಂದಿಗೆ ಬೆರೆತ ಮಯೋಗ್ಲೋಬಿನ್. ಹಾರುವ ಹಕ್ಕಿಯ ಎದೆಯ ಸ್ನಾಯು ದೀರ್ಘ ದುಡಿಮೆಗೆ ಆಮ್ಲಜನಕ ಕೂಡಿಟ್ಟುಕೊಳ್ಳುವುದು ಈ ಕೆಂಪು ವಸ್ತುವಿನಲ್ಲಿ. ಕೋಳಿಯ ಎದೆ ಬೆಳ್ಳಗಿರುವುದು ಅದು ಕಡಿಮೆ ಇರುವುದರಿಂದ. ಗ್ರಾಹಕರಿಗೆ ಈ ಪಾಠ ಹೇಳಿ ಪ್ರಯೋಜನವಿಲ್ಲ. ಪೂರ್ತಿ ವಿಶ್ರಾಂತಿ ಕೊಟ್ಟು, ಎಳೆಗೆ ಅಡ್ಡಲಾಗಿ ಕತ್ತರಿಸಿ, ಹೋಳುಗಳನ್ನು ಪೇಪರ್ ಟವೆಲಿನ ಮೇಲೆ ಅರೆಕ್ಷಣ ಇಟ್ಟು ಆಮೇಲೆ ತಟ್ಟೆಗೆ ಹಾಕಿ. ಚರ್ಮ ಕೆಳಗೆ ಮಾಡಿ ಕತ್ತರಿಸಿದರೆ ಚಾಕು ಮಾಂಸದಲ್ಲಿ ಸಲೀಸಾಗಿ ಇಳಿಯುತ್ತದೆ, ಗರಿಯಾದ ಚರ್ಮವೂ ಪುಡಿಯಾಗದು. ಸಾಸ್ ಹೋಳುಗಳ ಕೆಳಗಿರಲಿ, ಚರ್ಮದ ಮೇಲೆ ಬೇಡ.

ಪ್ರಶ್ನೆ: ಬಸಿದ ಕೊಬ್ಬು ಬಕೆಟ್‌ಗಟ್ಟಲೆ ಸೇರಿದೆ. ಎಷ್ಟು ದಿನ ಇಡಬಹುದು, ಯಾವುದಕ್ಕೆ ಬಳಸಬಹುದು?

ಎಷ್ಟು ದಿನ ಎನ್ನುವುದು ನೀವು ಅದನ್ನು ಎಷ್ಟು ಶುದ್ಧ ಮಾಡಿದಿರಿ ಎನ್ನುವುದರ ಮೇಲಿದೆ. ಬೆಚ್ಚಗಿರುವಾಗಲೇ ತೆಳುಬಟ್ಟೆಯಲ್ಲಿ ಸೋಸಿ, ಆಳವಿಲ್ಲದ ಪಾತ್ರೆಗಳಲ್ಲಿ ತಣಿಸಿ ಫ್ರಿಜ್ಜಿಗೆ ಹಾಕಿ. ಗಟ್ಟಿಯಾದಾಗ ತಳದಲ್ಲಿ ಕಂದು ಬಣ್ಣದ ಜೆಲ್ಲಿ ಕಾಣುತ್ತದೆ, ಅದು ಮಾಂಸದ ರಸ. ಮೊದಲು ಕೆಡುವುದು ಅದೇ. ಅದನ್ನು ಬೇರ್ಪಡಿಸಿ ಅಂದೇ ಸಾಸಿಗೆ ಹಾಕಿ ಚೆನ್ನಾಗಿ ಕುದಿಸಿ. ಉಳಿದ ಬಿಳಿ ಕೊಬ್ಬನ್ನು ಮತ್ತೊಮ್ಮೆ ಮೆಲ್ಲಗೆ ಕರಗಿಸಿ, ನೀರಿನ ಗುಳ್ಳೆ ನಿಂತ ಮೇಲೆ ಡಬ್ಬಿಗೆ ತುಂಬಿ ದಿನಾಂಕ ಬರೆದು ಮುಚ್ಚಿ. ಒಂದೆರಡು ವಾರದಲ್ಲಿ ಮುಗಿಯದಷ್ಟಿದ್ದರೆ ಫ್ರೀಜ್ ಮಾಡಿ. ಕಮಟು ವಾಸನೆ ಬಂದದ್ದನ್ನು ಎಸೆಯಿರಿ. ಆಲೂಗಡ್ಡೆ ಹುರಿಯಲು, ಕಾಲಿನ ಕೋಂಫಿಗೆ ಇದನ್ನು ಮೀರಿಸುವುದು ಬೇರಿಲ್ಲ, ಆದರೆ 190 ಡಿಗ್ರಿಯ ಆಸುಪಾಸಿನಲ್ಲಿ ಹೊಗೆಯಾಡುವುದರಿಂದ ಫ್ರೈಯರಿಗೆ ತಕ್ಕದ್ದಲ್ಲ. ಬೆಳ್ಳುಳ್ಳಿ ಹಾಕಿ ಕೌಂಟರಿನ ಮೇಲೆ ಇಡಲೇಬೇಡಿ. ಗಾಳಿಯಾಡದ ಕೊಬ್ಬಿನೊಳಗಿನ ಹಸಿ ಬೆಳ್ಳುಳ್ಳಿಯಲ್ಲಿ ಬೊಟುಲಿಸಂ ವಿಷ ಹುಟ್ಟಬಲ್ಲದು. ಸಿಂಕಿಗೂ ಸುರಿಯಬೇಡಿ, ಪೈಪಿನಲ್ಲಿ ಹೆಪ್ಪುಗಟ್ಟಿ ಕೂರುತ್ತದೆ.