ಓದುಗರ ಪ್ರಶ್ನೆ, ವೈದ್ಯರ ಉತ್ತರ: ಪಾದಕ್ಕಿಳಿದ ರಕ್ತ ಮೇಲೆ ಬರುವುದು ಹೇಗೆ?

ಪ್ರಶ್ನೆ: ನಾನು ಶಿಕ್ಷಕಿ. ದಿನಕ್ಕೆ ಐದಾರು ಗಂಟೆ ನಿಂತೇ ಪಾಠ ಮಾಡುತ್ತೇನೆ. ಸಂಜೆಯ ಹೊತ್ತಿಗೆ ಎರಡೂ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿಯ ಗುರುತು ಬಿದ್ದಿರುತ್ತದೆ. ಅಷ್ಟೇ ಹೊತ್ತು ನಡೆದಾಡಿದ ದಿನ ಹೀಗಾಗುವುದಿಲ್ಲ. ಹೃದಯ ಎದೆಯಲ್ಲಿದೆ, ಪಾದ ಅಷ್ಟು ಕೆಳಗಿದೆ. ಇಳಿದ ರಕ್ತವನ್ನು ಮೇಲಕ್ಕೆ ಎಳೆಯುವುದು ಯಾವುದು? ಹೃದಯವೇ ಹೀರಿಕೊಳ್ಳುತ್ತದೆಯೇ?

ಉತ್ತರ: ಇಲ್ಲ ಮೇಡಂ, ಹೃದಯ ಮುಖ್ಯವಾಗಿ ತಳ್ಳುವ ಯಂತ್ರ. ನಡೆದರೆ ಊದುವುದಿಲ್ಲ, ನಿಂತರೆ ಊದುತ್ತದೆ ಎಂದು ಬರೆದಿದ್ದೀರಲ್ಲ, ಅರ್ಧ ಉತ್ತರವನ್ನು ನೀವೇ ಕೊಟ್ಟಿದ್ದೀರಿ.

ಮೊದಲು ಒಂದು ಗುಣಾಕಾರ. ಎಡ ಹೃತ್ಕುಕ್ಷಿ, ಅಂದರೆ ಹೃದಯದ ಎಡಗಡೆಯ ಕೆಳಕೋಣೆ, ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ಹೊರಗೆ ತಳ್ಳುತ್ತದೆ. ನಿಮಿಷಕ್ಕೆ 70 ಬಡಿತ ಎಂದಿಟ್ಟುಕೊಂಡರೆ ಹತ್ತಿರ ಹತ್ತಿರ 5 ಲೀಟರ್. ವಯಸ್ಕರ ಮೈಯಲ್ಲಿರುವ ಒಟ್ಟು ರಕ್ತವೂ ಹೆಚ್ಚುಕಡಿಮೆ ಅಷ್ಟೇ. ತಿಂದ ಆಹಾರದಿಂದ ಯಕೃತ್ತಿನಲ್ಲಿ ರಕ್ತ ಹುಟ್ಟಿ, ಅಂಗಾಂಗಗಳಲ್ಲಿ ಖರ್ಚಾಗಿಹೋಗುತ್ತದೆ ಎಂದು ಯುರೋಪಿನ ವೈದ್ಯರು ಶತಮಾನಗಳ ಕಾಲ ನಂಬಿದ್ದರು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಇಂಥದೇ ಲೆಕ್ಕ ಹಾಕಿದ. ಅರ್ಧ ಗಂಟೆಯಲ್ಲಿ ಹೃದಯ ಹೊರಹಾಕುವ ರಕ್ತ ಇಡೀ ಮೈಯಲ್ಲಿರುವ ರಕ್ತವನ್ನೇ ಮೀರುತ್ತದೆ. ಅಷ್ಟನ್ನು ಯಾರು ತಿಂದು ಹುಟ್ಟಿಸಲು ಸಾಧ್ಯ? ಹೋದದ್ದೇ ತಿರುಗಿ ಬರುತ್ತಿರಬೇಕು. 1628ರಲ್ಲಿ ಅವನು ಅದನ್ನು ಪ್ರಕಟಿಸಿದ. ಆದರೆ ಹೃದಯದಿಂದ ರಕ್ತ ಒಯ್ಯುವ ಅಪಧಮನಿಯಿಂದ, ಹೃದಯಕ್ಕೆ ರಕ್ತ ಮರಳಿ ತರುವ ಅಭಿಧಮನಿಗೆ ರಕ್ತ ದಾಟುವ ಜಾಗ ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. 1661ರಲ್ಲಿ ಇಟಲಿಯ ವೈದ್ಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಅವೆರಡನ್ನೂ ಜೋಡಿಸುವ ಅತಿ ಸಣ್ಣ ನಾಳಗಳು, ಲೋಮನಾಳಗಳು, ಕಂಡವು.

ವಿದ್ಯಾರ್ಥಿಯಾಗಿದ್ದಾಗ ಕಪ್ಪೆಯ ಕಾಲ್ಬೆರಳುಗಳ ನಡುವಿನ ಪೊರೆಯಲ್ಲಿ ಅವನ್ನು ನಾನೂ ನೋಡಿದ್ದೇನೆ. ಕೆಂಪು ರಕ್ತಕಣಗಳು ಒಂದರ ಹಿಂದೊಂದು ಸಾಲಾಗಿ, ಇಕ್ಕಟ್ಟಾದಲ್ಲಿ ಮೈ ಬಾಗಿಸಿಕೊಂಡು ನುಸುಳುತ್ತಿದ್ದವು. ಕವಲಿನಲ್ಲಿ ಒಂದು ಕಣ ಎತ್ತ ಹೋಗಲೆಂದು ಯೋಚಿಸುವಂತೆ ಕ್ಷಣ ಹೊತ್ತು ತಡವರಿಸಿತು. ಆ ದಿನದ ಉಳಿದ ತರಗತಿಗಳಲ್ಲಿ ಏನು ಪಾಠವಾಯಿತೋ ಒಂದೂ ನೆನಪಿಲ್ಲ.

ಲೋಮನಾಳ ದಾಟಿದ ರಕ್ತದಲ್ಲಿ ಹೃದಯ ಕೊಟ್ಟ ಒತ್ತಡ ಹೆಚ್ಚೇನೂ ಉಳಿದಿರುವುದಿಲ್ಲ. ಆದರೂ ಮೇಲೇರಲು ಅಷ್ಟೇ ಸಾಕು, ಏಕೆಂದರೆ ಇದು ಕೊಡದಲ್ಲಿ ನೀರು ಹೊರುವಂಥ ಕೆಲಸವಲ್ಲ. ಬಾಗಿದ, ತುಂಬಿದ ಕೊಳವೆಯ ಒಂದು ಬದಿಯಲ್ಲಿ ಇಳಿಯುವ ರಕ್ತದ ಭಾರ, ಇನ್ನೊಂದು ಬದಿಯಲ್ಲಿ ಏರುವ ರಕ್ತದ ಭಾರವನ್ನು ಸರಿದೂಗಿಸುತ್ತದೆ. ತೊಡಕಿರುವುದು ಬೇರೆ ಕಡೆ: ಅಭಿಧಮನಿಯ ಗೋಡೆ ಮೆತ್ತಗಿದೆ. ಅಲುಗಾಡದೆ ನಿಂತವರ ಪಾದದ ಅಭಿಧಮನಿಗಳಲ್ಲಿ ಒತ್ತಡ ಪಾದರಸದ 90 ಮಿಲಿಮೀಟರ್‌ವರೆಗೂ ಏರುತ್ತದೆ. ನಾಳ ಹಿಗ್ಗುತ್ತದೆ, ಅರ್ಧ ಲೀಟರಿನಷ್ಟು ರಕ್ತ ಕಾಲುಗಳ ಕಡೆಗೇ ಬಂದು ಕೂರುತ್ತದೆ, ಲೋಮನಾಳಗಳಿಂದ ನೀರು ಸುತ್ತಲಿನ ಅಂಗಾಂಶಕ್ಕೆ ಜಿನುಗುತ್ತದೆ. ನಿಮ್ಮ ಚಪ್ಪಲಿಯ ಗುರುತು ಅದೇ.

ಇದಕ್ಕೆ ಮೈ ಕಂಡುಕೊಂಡ ಉಪಾಯ ಮೀನಖಂಡ, ಅಂದರೆ ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿರುವ ಸ್ನಾಯು. ಹೆಜ್ಜೆ ಹಾಕಿದಾಗಲೆಲ್ಲ ಆ ಸ್ನಾಯು ಬಿಗಿದು, ತನ್ನೊಳಗಿನ ಅಭಿಧಮನಿಗಳನ್ನು ಹಿಂಡುತ್ತದೆ. ಹಿಂಡಿದ ರಕ್ತ ಕೆಳಕ್ಕೆ ಜಾರದಂತೆ ಒಳಗೆ ಪುಟ್ಟ ಕವಾಟಗಳಿವೆ. ಅವು ಎದೆಯ ಕಡೆಗಷ್ಟೇ ತೆರೆಯುತ್ತವೆ. ಹತ್ತು ಹೆಜ್ಜೆ ನಡೆಯುವುದರೊಳಗೆ ಪಾದದ ಆ ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಉಸಿರೆಳೆದುಕೊಂಡಾಗ ಎದೆಗೂಡಿನೊಳಗೆ ಒತ್ತಡ ಇಳಿದು, ಹೊಟ್ಟೆಯ ಕಡೆಯಿಂದ ರಕ್ತ ಮೇಲಕ್ಕೆ ಸೆಳೆದುಕೊಳ್ಳುವುದೂ ಉಂಟು.

ಕವಾಟಗಳನ್ನು ನೀವೇ ಪರೀಕ್ಷಿಸಬಹುದು. ಹಾರ್ವೆ ತೋರಿಸಿದ ವಿಧಾನವೇ ಇದು. ತೋಳನ್ನು ಸ್ವಲ್ಪ ಹೊತ್ತು ಇಳಿಬಿಡಿ. ಮುಂಗೈಯಲ್ಲಿ ಉಬ್ಬಿದ ಒಂದು ನಾಳವನ್ನು ಮಣಿಕಟ್ಟಿನ ಹತ್ತಿರ ಒಂದು ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅದರೊಳಗಿನ ರಕ್ತವನ್ನು ಮೊಣಕೈಯತ್ತ ಸವರಿ, ಆ ಬೆರಳನ್ನು ಎತ್ತಿಬಿಡಿ. ಮೇಲಿನ ರಕ್ತ ಒಂದು ಕಡೆ ಬಂದು ತಟ್ಟನೆ ನಿಲ್ಲುತ್ತದೆ. ಅಲ್ಲಿ ಸಣ್ಣ ಗಂಟಿನಂತೆ ಉಬ್ಬಿರುವುದೇ ಕವಾಟ. ಕೆಳಗಿನ ಭಾಗ ಚಪ್ಪಟೆಯಾಗಿಯೇ ಇರುತ್ತದೆ. ಈಗ ಮಣಿಕಟ್ಟಿನ ಬೆರಳನ್ನು ಎತ್ತಿ. ನಾಳ ಕೆಳಗಿನಿಂದ ಸರ್ರೆಂದು ತುಂಬಿಕೊಳ್ಳುತ್ತದೆ. ಒಂದೇ ಸಲಕ್ಕೆ ಸರಿಯಾಗಿ ಆಗದಿದ್ದರೆ ಬೇರೆ ನಾಳ ಹುಡುಕಿ. ನಿಮ್ಮ ಮಕ್ಕಳಿಗೂ ತೋರಿಸಿ. ಹಲಗೆಯ ಮೇಲೆ ಬರೆಯುವ ಕೆಂಪು-ನೀಲಿ ಚಿತ್ರಕ್ಕಿಂತ ಇದು ಮೇಲು.

ಪಾಠದ ನಡುವೆ ಆಗಾಗ ಹಿಮ್ಮಡಿ ಎತ್ತಿ ಇಳಿಸಿ, ಸಾಲುಗಳ ನಡುವೆ ಓಡಾಡಿ. ರಾತ್ರಿ ಕಾಲಡಿಗೆ ದಿಂಬಿಡಿ. ಆದರೆ ಒಂದೇ ಕಾಲು ಹಠಾತ್ತಾಗಿ ಊದಿ ನೋಯತೊಡಗಿದರೆ ಇದ್ಯಾವುದನ್ನೂ ಮಾಡುತ್ತ ಕೂರಬೇಡಿ. ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ವೈದ್ಯರನ್ನು ಕಾಣಿ. ಎರಡೂ ಪಾದದ ಊತ ಬೆಳಗಾದರೂ ಇಳಿಯದಿದ್ದರೆ ಆಗಲೂ ತೋರಿಸಬೇಕು.

ಪ್ರಶ್ನೆ: ಬಹಳ ಹೊತ್ತು ಸಾಲಿನಲ್ಲಿ ನಿಂತಿದ್ದ ಅಣ್ಣ ತಲೆಸುತ್ತಿ ಬಿದ್ದ. ಎಲ್ಲರೂ ಸೇರಿ ಎತ್ತಿ ಕುರ್ಚಿಯಲ್ಲಿ ಕೂರಿಸಿದೆವು. ಸರಿ ಮಾಡಿದೆವೇ?

ಉತ್ತರ: ಮಾಡಬಾರದ್ದನ್ನೇ ಮಾಡಿದಿರಿ, ಬೇಸರ ಬೇಡ, ಹೆಚ್ಚಿನವರು ಮಾಡುವುದು ಅದನ್ನೇ. ಕಾಲಲ್ಲಿ ರಕ್ತ ನಿಂತರೆ ಹೃದಯಕ್ಕೆ ಬರುವುದು ಕಡಿಮೆ, ಬಂದಷ್ಟನ್ನೇ ಅದು ತಳ್ಳಬೇಕು. ಮಿದುಳಿಗೆ ಸಾಲದೆ ಎಚ್ಚರ ತಪ್ಪುತ್ತದೆ. ನೆಲಕ್ಕೆ ಬಿದ್ದಾಗ ತಲೆ ಮತ್ತು ಹೃದಯ ಒಂದೇ ಮಟ್ಟಕ್ಕೆ ಬಂದು ತೊಂದರೆ ತಾನಾಗಿ ನೀಗುತ್ತದೆ. ನೀವು ಮತ್ತೆ ನೆಟ್ಟಗೆ ಕೂರಿಸಿದಿರಿ! ಮಲಗಿಸಿ, ಕಾಲುಗಳನ್ನು ಎತ್ತರಕ್ಕಿಡಿ. ನಿಮಿಷದೊಳಗೆ ಎಚ್ಚರ ಬಾರದಿದ್ದರೆ, ಅಥವಾ ಎದೆನೋವಿದ್ದರೆ, ಆಂಬುಲೆನ್ಸ್ ಕರೆಯಿರಿ.

ಪ್ರಶ್ನೆ: ಕೈಯ ನರಗಳು ನೀಲಿಯಾಗಿ ಕಾಣುತ್ತವೆ. ಅಶುದ್ಧ ರಕ್ತದ ಬಣ್ಣ ನೀಲಿಯೇ?

ಉತ್ತರ: ಅವು ನರಗಳಲ್ಲ, ಅಭಿಧಮನಿಗಳು. ಎರಡನ್ನೂ ನರವೆಂದೇ ಕರೆಯುವ ನಮ್ಮ ರೂಢಿಯೊಂದಿಗೆ ನಾನು ಜೀವನವಿಡೀ ಜಗಳವಾಡಿ ಸೋತಿದ್ದೇನೆ. ಅದರೊಳಗಿನ ರಕ್ತ ಅಶುದ್ಧವೂ ಅಲ್ಲ. ಅದರಲ್ಲಿ ಆಮ್ಲಜನಕ ಕಡಿಮೆ, ಅಷ್ಟೇ. ನೀಲಿ ಎಂಬುದು ಚರ್ಮ ಬೆಳಕನ್ನು ಚದುರಿಸಿ ಕಣ್ಣಿಗೆ ಮಾಡುವ ಮೋಸ. ಮುಂದಿನ ಸಲ ಪರೀಕ್ಷೆಗೆ ರಕ್ತ ಕೊಡುವಾಗ ಮುಖ ತಿರುಗಿಸದೆ ಸಿರಿಂಜನ್ನೇ ನೋಡಿ. ಆ ನೀಲಿ ನಾಳದಿಂದಲೇ ಬರುವ ರಕ್ತ ಕಡುಗೆಂಪಾಗಿರುತ್ತದೆ.