15,300 ಕಿಲೋಮೀಟರ್ ಹಾರಲು ಎಷ್ಟು ಹೊತ್ತು?

ಪ್ರಶ್ನೆ: ಸಿಂಗಪುರದ ಚಾಂಗಿ ಮತ್ತು ನ್ಯೂಯಾರ್ಕಿನ ಜಾನ್ ಎಫ್. ಕೆನಡಿ ವಿಮಾನ ನಿಲ್ದಾಣಗಳ ನಡುವಿನ ದೂರ ಸುಮಾರು 15,300 ಕಿ.ಮೀ. ಎಂದು ಓದಿದ್ದೇನೆ. ಗಂಟೆಗೆ 900 ಕಿ.ಮೀ. ವೇಗದ ಜೆಟ್ ವಿಮಾನಕ್ಕೆ 17 ಗಂಟೆ ಸಾಕು. ಆದರೂ ವೇಳಾಪಟ್ಟಿಯಲ್ಲಿ ಹದಿನೆಂಟೂವರೆ ಗಂಟೆಗೂ ಹೆಚ್ಚು ತೋರಿಸುವುದೇಕೆ? ಅಷ್ಟು ಹೊತ್ತು ಹಾರಿಯೂ ಹೊರಟ ದಿನವೇ ಬೆಳಗ್ಗೆ ತಲುಪುವುದು ಹೇಗೆ?

ಉತ್ತರ: ನಿಮ್ಮ ಭಾಗಾಕಾರ ಸರಿಯಾಗಿಯೇ ಇದೆ, ಆದರೆ ನೀವು ಹಿಡಿದ ದೂರ ವಿಮಾನ ನಿಜವಾಗಿ ಕ್ರಮಿಸುವ ದೂರವಲ್ಲ. 15,300 ಕಿ.ಮೀ. ಎಂಬುದು ಭೂಗೋಳದ ಮೇಲ್ಮೈಯಲ್ಲಿ ಈ ಎರಡು ಬಿಂದುಗಳನ್ನು ಸೇರಿಸುವ ಮಹಾವೃತ್ತದ ಕಂಸದ ಉದ್ದ, ಅಂದರೆ ಅತಿ ಕಡಿಮೆ ದೂರ. ಈ ದಾರಿ ಉತ್ತರ ಧ್ರುವದ ಸಮೀಪ ಹಾದುಹೋಗುತ್ತದೆ. ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಸ್ಕೇಲಿಟ್ಟು ಗೆರೆ ಎಳೆದವರಿಗೆ ಇದು ಹೊಳೆಯುವುದೇ ಇಲ್ಲ.

ಆದರೆ ಪೈಲಟ್‌ಗಳು ಆರಿಸಿಕೊಳ್ಳುವುದು ಕಡಿಮೆ ದೂರದ ದಾರಿಯನ್ನಲ್ಲ, ಕಡಿಮೆ ಹೊತ್ತು ಮತ್ತು ಕಡಿಮೆ ಇಂಧನ ಬೇಡುವ ದಾರಿಯನ್ನು. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಗಾಳಿಯ ವೇಗ ಕೆಲವೊಮ್ಮೆ ಗಂಟೆಗೆ 200 ಕಿ.ಮೀ. ದಾಟುತ್ತದೆ. ಅದು ಬೆನ್ನ ಹಿಂದಿನಿಂದ ಸರಾಸರಿ 100 ಕಿ.ಮೀ. ವೇಗದಲ್ಲಿ ದೂಡಿದರೂ ಸಾಕು, ಸುತ್ತು ಹಾಕಿ 16,500 ಕಿ.ಮೀ. ಹಾರುವ ವಿಮಾನವು ಗಾಳಿಯ ನೆರವಿಲ್ಲದೆ ಹತ್ತಿರದ ದಾರಿ ಹಿಡಿದ ವಿಮಾನಕ್ಕಿಂತ ಅರ್ಧ ಗಂಟೆ ಮೊದಲೇ ಮುಟ್ಟುತ್ತದೆ. ಆದ್ದರಿಂದಲೇ ಸಿಂಗಪುರದಿಂದ ಹೊರಟ ವಿಮಾನವು ಅನೇಕ ದಿನ ಪೆಸಿಫಿಕ್ ಸಾಗರದ ಮೇಲೆ ಹಾರುತ್ತದೆ. ಮರಳುವಾಗ ಬಂದ ದಾರಿಯನ್ನು ಬಿಟ್ಟು ಅಟ್ಲಾಂಟಿಕ್ ದಾಟಿ ಬರುವುದೂ ಉಂಟು. ಹೋಗುವಾಗಲೂ ಪೂರ್ವಕ್ಕೆ, ಬರುವಾಗಲೂ ಪೂರ್ವಕ್ಕೆ ಹಾರಿ ಭೂಮಿಗೇ ಒಂದು ಪ್ರದಕ್ಷಿಣೆ ಹಾಕಿದಂತಾಗುವ ಈ ಪ್ರಯಾಣ ನನಗಂತೂ ಸೋಜಿಗವೆನಿಸುತ್ತದೆ.

ಗಾಳಿಯ ಪ್ರಭಾವ ಲಂಡನ್–ನ್ಯೂಯಾರ್ಕ್ ಮಾರ್ಗದಲ್ಲಿ ಇನ್ನೂ ಸ್ಪಷ್ಟ. ಅಲ್ಲಿ ಪೂರ್ವಾಭಿಮುಖ ಪ್ರಯಾಣ ಸಾಮಾನ್ಯವಾಗಿ ಸುಮಾರು ಒಂದು ಗಂಟೆ ಕಡಿಮೆ. 2020ರ ಫೆಬ್ರುವರಿಯಲ್ಲಿ ಬಿರುಗಾಳಿಯ ಬಲದಿಂದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ ಐದು ಗಂಟೆಯೊಳಗೆ ತಲುಪಿತ್ತು.

ಇನ್ನು, ವೇಳಾಪಟ್ಟಿ ಲೆಕ್ಕ ಹಾಕುವುದು ಗೇಟಿನಿಂದ ಗೇಟಿಗೆ. ರನ್‌ವೇವರೆಗಿನ ಓಟ, ಸರದಿಗಾಗಿ ಕಾಯುವಿಕೆ, ನಿಧಾನಗತಿಯ ಏರಿಳಿತ, ವಿಳಂಬಕ್ಕೆಂದು ಇಟ್ಟ ಕೊಂಚ ಬಿಡುವು ಎಲ್ಲವೂ ಅದರಲ್ಲಿ ಸೇರಿರುತ್ತವೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಗಡಿಯಾರದಲ್ಲಿದೆ. ಚಳಿಗಾಲದಲ್ಲಿ ನ್ಯೂಯಾರ್ಕ್ ಸಿಂಗಪುರಕ್ಕಿಂತ 13 ಗಂಟೆ, ಬೇಸಿಗೆಯಲ್ಲಿ 12 ಗಂಟೆ ಹಿಂದಿರುತ್ತದೆ. ಚಳಿಗಾಲದ ಸೋಮವಾರ ಆರಂಭವಾಗುವ ನಡುರಾತ್ರಿ ಸಿಂಗಪುರ ಬಿಟ್ಟು 18 ಗಂಟೆ 40 ನಿಮಿಷ ಪ್ರಯಾಣಿಸಿದರೆ, ಇಳಿಯುವಾಗ ಅಲ್ಲಿ ಸೋಮವಾರವೇ ಮುಂಜಾನೆ 5.40 ಆಗಿರುತ್ತದೆ. ಅಷ್ಟೇ ಹೊತ್ತಿನ ಮರುಪ್ರಯಾಣಕ್ಕೆ ಸೋಮವಾರ ರಾತ್ರಿ 10 ಗಂಟೆಗೆ ಹೊರಟರೆ ಸಿಂಗಪುರ ಸೇರುವುದು ಬುಧವಾರ ಮುಂಜಾನೆ; ಮಂಗಳವಾರವಿಡೀ ಆಕಾಶದಲ್ಲೇ ಕಳೆದುಹೋಗುತ್ತದೆ.