ಫ್ಯೂಸ್‌ಗೆ ವೈರಿನ ಎಳೆ ಹೊಸೆದು ಹಾಕೋರಿಗೆ

"ಗೀಸರ್ ಹಾಕಿಸಿದ ಮೇಲೆ ದಿನಾ ಫ್ಯೂಸ್ ಹೋಗ್ತಿತ್ತು, ಹಳೇ ವೈರಿನ ಮೂರು ಎಳೆ ಹೊಸೆದು ಕಿಟ್‌ಕ್ಯಾಟಿಗೆ ಹಾಕಿದೆ, ಈಗ ಆರಾಮ" ಅಂತ ಫೋಟೋ ಸಮೇತ ಬರೆದಿದ್ದೀರಿ. ಕೆಳಗೆ "ಸೂಪರ್ ಐಡಿಯಾ" ಅನ್ನೋರ ಸಾಲು ಬೇರೆ. ದಯವಿಟ್ಟು ಇವತ್ತೇ ತೆಗೀರಿ. ಇಲ್ಲಿವರೆಗೆ ಕಿಟ್‌ಕ್ಯಾಟಲ್ಲಿ (ಫ್ಯೂಸ್ ತಂತಿ ಕಟ್ಟೋ ಪಿಂಗಾಣಿ ಹಿಡಿಕೆ) ತಂತಿ ಕರಗ್ತಿತ್ತು, ಇನ್ಮೇಲೆ ಗೋಡೆಯೊಳಗೆ ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ ಕರಗುತ್ತೆ.

ಲೆಕ್ಕ ನೋಡಿ. ಫೋಟೋದಲ್ಲಿ ಸುರುಳಿ ಮೇಲೆ 22/0.3 ಅಂತಿದೆ. ಅಂದ್ರೆ ಒಂದೂವರೆ ಸ್ಕ್ವೇರ್ (ಚದರ ಎಂಎಂ) ವೈರು, 22 ಎಳೆ, ಒಂದೊಂದು ಎಳೆ 0.3 ಎಂಎಂ. ತಾಮ್ರದ ತಂತಿ ಎಷ್ಟಕ್ಕೆ ಕರಗುತ್ತೆ ಅನ್ನೋಕೆ ಪ್ರೀಸ್ ಸೂತ್ರ ಇದೆ: ಎಂಎಂ ಲೆಕ್ಕದ ದಪ್ಪವನ್ನ ಅದರದೇ ವರ್ಗಮೂಲದಿಂದ ಗುಣಿಸಿ, ಬಂದದ್ದನ್ನ 80ರಿಂದ ಗುಣಿಸಿ. 0.3ಕ್ಕೆ 13 ಆಂಪ್ಸ್, ಮೂರೆಳೆಗೆ 39. ಹೊಸೆದಾಗ ಒಂದರ ಬಿಸಿ ಇನ್ನೊಂದಕ್ಕೆ ತಾಗಿ ಸ್ವಲ್ಪ ಇಳಿಯುತ್ತೆ, ಆದ್ರೂ 30ರ ಮೇಲೇ. ಪೈಪಿನೊಳಗಿರೋ ಒಂದೂವರೆ ಸ್ಕ್ವೇರ್ ಹೊರೋದು ಹೆಚ್ಚೆಂದರೆ 14–15. ನಿಮ್ಮ 3000 ವ್ಯಾಟ್ ಗೀಸರ್ 13, ಇಸ್ತ್ರಿ ಪೆಟ್ಟಿಗೆ 4, ಅರ್ಧ ಹೆಚ್‌ಪಿ ಮೋಟರ್ 4; ಬೆಳಿಗ್ಗೆ ಮೂರೂ ಒಟ್ಟಿಗೆ ಓಡಿದ್ರೆ 21. ಅಷ್ಟಕ್ಕೆ ಮೂರೆಳೆ ಕರಗೋ ಮಾತೇ ಇಲ್ಲ. ಮಾಮೂಲಿ ಪಿವಿಸಿ ತಡೆಯೋದು 70 ಡಿಗ್ರಿ. ಮೊದಲು ಗಟ್ಟಿಯಾಗಿ ಸೀಳು ಬಿಡುತ್ತೆ, ಆಮೇಲೆ ಫೇಸ್–ನ್ಯೂಟ್ರಲ್ ತಾಗುತ್ತೆ.

ಡಿಬಿಯಲ್ಲಿ (ಮನೆಯ ಲೈನುಗಳನ್ನ ಹಂಚೋ ಪೆಟ್ಟಿಗೆ) ಇರೋ ಫ್ಯೂಸ್ ಗೀಸರ್ ಕಾಯೋಕೆ ಅಂದ್ಕೊಂಡಿದ್ದೀರಿ. ಅದು ಇರೋದು ವೈರು ಕಾಯೋಕೆ. ಹಾಗಾಗಿ ಆ ಲೈನಿನಲ್ಲಿ ಎಲ್ಲಕ್ಕಿಂತ ಸಣ್ಣ ವೈರು ಯಾವುದೋ ಅದಕ್ಕೆ ತಕ್ಕ ಫ್ಯೂಸ್. ಲೈಟು–ಫ್ಯಾನಿನ 1 ಸ್ಕ್ವೇರ್ ಲೈನಿಗೆ 0.2 ಎಂಎಂ ತಂತಿ, 5 ಆಂಪ್ಸ್. ಒಂದೂವರೆಗೆ 0.35, 10 ಆಂಪ್ಸ್. ಎರಡೂವರೆಗೆ 0.5, 15 ಆಂಪ್ಸ್. ನಾಲ್ಕಕ್ಕೆ 0.6, 20 ಆಂಪ್ಸ್. ಇದಕ್ಕಿಂತ ಮೇಲೆ ಹೋಗಬೇಡಿ. ಬರೆದ ರೇಟಿಂಗಿನ ಒಂದೂವರೆಯಿಂದ ಎರಡು ಪಟ್ಟು ಹರಿದ ಮೇಲೇ ಈ ತಂತಿ ಕರಗೋದು, ಅದಕ್ಕೇ ವೈರು ಹೊರೋದಕ್ಕಿಂತ ಕೆಳಗಿನದು ಹಾಕಬೇಕು. ಅಂಗಡೀಲಿ ದಪ್ಪ ಬರೆಯದ ಸುರುಳಿ ಕೊಟ್ರೆ ಪೆನ್ಸಿಲ್‌ಗೆ ಸಂದಿಲ್ಲದಂತೆ 20 ಸುತ್ತು ಸುತ್ತಿ, ಸ್ಕೇಲ್ ಇಟ್ಟು 20ರಿಂದ ಭಾಗಿಸಿ. 10 ಎಂಎಂ ಬಂದ್ರೆ 0.5ರ ತಂತಿ. ತವರ ಲೇಪದ ತಾಮ್ರವೇ ಬೇಕು. ಬೋಳು ತಾಮ್ರ ಹಸಿರುಗಟ್ಟಿ ಸವೆದು ಸುಮ್ಮಸುಮ್ಮನೆ ಹೋಗುತ್ತೆ.

ಹಾಕೋದರಲ್ಲೂ ಮುಕ್ಕಾಲು ಜನ ಎಡವ್ತಾರೆ. ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಕಿಟ್‌ಕ್ಯಾಟ್ ಕೀಳಿ. ಹಳೇ ತಂತಿಯ ಚೂರು, ಪಿಂಗಾಣಿ ಮೇಲಿನ ಕಪ್ಪು ಪೂರ್ತಿ ಒರೆಸಿ. ಆ ಕಪ್ಪು ಆವಿಯಾಗಿ ಕೂತ ತಾಮ್ರ, ಅದರ ಮೇಲೇ ಕರೆಂಟ್ ಹರಿಯುತ್ತೆ. ಒಂದೇ ತಂತಿ, ಒಂದೇ ಸಲ, ನಡುವಿನ ತೂತಿನಲ್ಲಿ ತೂರಿಸಿ. ಸ್ಕ್ರೂಗೆ ಗಡಿಯಾರದ ಮುಳ್ಳು ತಿರುಗೋ ಕಡೆಗೆ ಸುತ್ತಿ, ಬಿಗಿ ಮಾಡಿದಾಗ ಒಳಗೆ ಎಳ್ಕೊಳ್ಳುತ್ತೆ. ಉಲ್ಟಾ ಸುತ್ತಿದ್ರೆ ಹೊರಗೆ ತಳ್ಳುತ್ತೆ. ವೀಣೆ ತಂತಿ ಥರ ಎಳೆದು ಕಟ್ಟಬೇಡಿ, ಸ್ವಲ್ಪ ಸಡಿಲ ಇರಲಿ. ಎಳೆದರೆ ಸಣ್ಣಗಾಗಿ ಅಲ್ಲೇ ಹೋಗುತ್ತೆ. ಸ್ಕ್ರೂ ವಿಪರೀತ ಬಿಗಿದ್ರೆ ತಂತಿ ಕತ್ತರಿಸುತ್ತೆ, ಸಡಿಲ ಬಿಟ್ರೆ ಬಿಸಿಯಾಗಿ ಪಿಂಗಾಣಿ ಬಿರಿಯುತ್ತೆ. ಕೆಳಗಿನ ಬೇಸಿನ ಹಿತ್ತಾಳೆ ತುಟಿ ಅಗಲ ಆಗಿದ್ರೂ ಇದೇ ಕಥೆ. ಅಂಥದ್ದನ್ನ ಕಟಿಂಗ್ ಪ್ಲೇಯರಲ್ಲಿ ಒತ್ತಿ ದಿನ ದೂಡಬೇಡಿ, ಬೇಸ್ ಸಮೇತ ಬದಲಿಸಿ.

ಹೋದ ಫ್ಯೂಸ್ ಎಸೆಯೋ ಮೊದಲು ನೋಡಿ. ತಂತಿ ನಡುವೆ ಕರಗಿ ಎರಡೂ ತುದೀಲಿ ಗುಂಡು ನಿಂತಿದ್ರೆ ಓವರ್‌ಲೋಡ್. ತಂತಿಯೇ ಮಾಯ, ಸುತ್ತ ಕಪ್ಪು ಚೆಲ್ಲಿದ್ರೆ ಶಾರ್ಟ್. ಶಾರ್ಟ್ ಹುಡುಕದೆ ಹೊಸದು ಹಾಕಿದ್ರೆ ಅದೂ ಹೋಗುತ್ತೆ, ಕೈಯೂ ಸುಡುತ್ತೆ. ಸ್ಕ್ರೂ ಪಕ್ಕದಲ್ಲೇ ತುಂಡಾಗಿದ್ರೆ ಲೋಡಿನ ತಪ್ಪಲ್ಲ, ಕಟ್ಟಿದವರ ತಪ್ಪು.

ಇನ್ನೊಂದು, ಫೋಟೋದಲ್ಲಿ ಎರಡು ಕಿಟ್‌ಕ್ಯಾಟ್ ಪಕ್ಕಪಕ್ಕ ಕಾಣ್ತಿದೆ. ಎರಡನೇದು ನ್ಯೂಟ್ರಲ್‌ಗೆ ಇದ್ರೆ ತೆಗೆಸಿ ಲಿಂಕ್ (ಕರಗದ ದಪ್ಪ ಲೋಹದ ಪಟ್ಟಿ) ಹಾಕಿಸಿ. ನ್ಯೂಟ್ರಲ್ ಫ್ಯೂಸ್ ಹೋದ್ರೆ ಲೈಟು ಆರುತ್ತೆ, ಫೇಸ್ ಹಾಗೇ ಇರುತ್ತೆ. ಕರೆಂಟ್ ಇಲ್ಲ ಅಂತ ಹೋಲ್ಡರಿಗೆ ಕೈ ಹಾಕ್ತೀರಿ. 1956ರ ವಿದ್ಯುತ್ ನಿಯಮದಲ್ಲೇ ಇದನ್ನ ಹಾಕಬಾರದು ಅಂತಿತ್ತು. ಮೀಟರ್ ಹತ್ರದ ಕಟೌಟ್ (ಮೇನ್ ಫ್ಯೂಸ್) ಮಾತ್ರ ಮುಟ್ಟಬೇಡಿ, ಅದು ವಿದ್ಯುತ್ ಕಂಪನಿ ಎಸ್ಕಾಂನವರದು. 1912ಕ್ಕೆ ಫೋನ್ ಮಾಡಿ.

"ಅರ್ಥಿಂಗ್ ಇದೆ, ಶಾಕ್ ಹೊಡೆದ್ರೆ ಫ್ಯೂಸ್ ಹೋಗುತ್ತಲ್ಲ" ಅಂದವರಿಗೂ ಒಂದು ಲೆಕ್ಕ. ಗೀಸರ್ ಕಾಯಿಲ್ ಒಡೆದು ಫೇಸ್ ಅದರ ಹೊರ ಬಾಡಿ ಮೇಲೆ ಬಂತು ಅನ್ನಿ. ಬೇಸಿಗೇಲಿ ಒಣಗಿದ ಅರ್ಥ್ ಗುಂಡಿಯ ಲೂಪ್ (ಕರೆಂಟ್ ಹೋಗಿ ವಾಪಸ್ ಬರೋ ದಾರಿಯ ಒಟ್ಟು ತಡೆ) 10 ಓಮ್ ಇದ್ರೆ, 230 ಭಾಗಿಸು 10, ಹರಿಯೋದು 23 ಆಂಪ್ಸ್. 0.5ರ ತಂತಿ ಕರಗೋಕೆ 28 ಬೇಕು. ಫ್ಯೂಸ್ ಸುಮ್ಮನಿರುತ್ತೆ, ಬಾಡಿ ಜೀವಂತ. ಮನುಷ್ಯನ ಜೀವ ತೆಗೆಯೋಕೆ 50 ಮಿಲಿ ಆಂಪ್ಸ್ ಸಾಕು, ಅದು ಯಾವ ಫ್ಯೂಸಿಗೂ, ಯಾವ ಎಂಸಿಬಿಗೂ (ಓವರ್‌ಲೋಡ್ ಆದ್ರೆ ತಾನಾಗೇ ಬೀಳೋ ಸ್ವಿಚ್) ಕಾಣಲ್ಲ. ಅದಕ್ಕೆ 30 ಮಿಲಿ ಆಂಪ್ಸ್ ಆರ್‌ಸಿಸಿಬಿಯೇ (ಕರೆಂಟ್ ಸೋರಿದ್ರೆ ಲೈನ್ ಕತ್ತರಿಸೋ ಸ್ವಿಚ್) ಬೇಕು. ಅದಕ್ಕೆ ಓವರ್‌ಲೋಡ್ ಗೊತ್ತಾಗಲ್ಲ, ಹಾಗಾಗಿ ಎಂಸಿಬಿ ಜೊತೆಗೆ ಇರಲೇಬೇಕು. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಯುಪಿಎಸ್ ಲೈನಿನ ನ್ಯೂಟ್ರಲ್ ಬೇರೆ ನ್ಯೂಟ್ರಲ್ ಜೊತೆ ಸೇರಿಸಿಟ್ಟಿದ್ರೆ ಆರ್‌ಸಿಸಿಬಿ ಆನ್ ಆಗಿ ನಿಲ್ಲೋದೇ ಇಲ್ಲ, ಬೀಳ್ತಾನೇ ಇರುತ್ತೆ. ಆಗ ಎಲೆಕ್ಟ್ರಿಷಿಯನ್ "ಇದೇ ಕೆಟ್ಟಿದೆ" ಅಂತ ಬೈಪಾಸ್ ಮಾಡಿ ಹೋಗ್ತಾನೆ. ಬಿಡಬೇಡಿ, ನ್ಯೂಟ್ರಲ್ ಬೇರೆ ಮಾಡಿಸಿ.

ಗೀಸರಿಗೆ ನೇರ ಪರಿಹಾರ: ಡಿಬಿಯಿಂದ ಪ್ರತ್ಯೇಕ ಲೈನ್, ಎರಡೂವರೆ ಸ್ಕ್ವೇರ್ ಕನಿಷ್ಠ, ನನ್ನ ಕೇಳಿದ್ರೆ ನಾಲ್ಕು, 16 ಆಂಪ್ಸ್ ಎಂಸಿಬಿ, ಬಿ ಕರ್ವ್ (ಕರೆಂಟ್ ಜಿಗಿದ್ರೆ ಬೇಗ ಬೀಳೋದು). ಮೋಟರಿಗೆ ಸಿ ಕರ್ವ್ (ಆ ಜಿಗಿತ ಇನ್ನಷ್ಟು ತಡೆಯೋದು), ಯಾಕಂದ್ರೆ ಸ್ಟಾರ್ಟ್ ಆಗುವಾಗ ಐದಾರು ಪಟ್ಟು ಎಳೆಯುತ್ತೆ, ಬಿ ಹಾಕಿದ್ರೆ ಆಗಾಗ ಬೀಳುತ್ತೆ. ಹ್ಯಾವೆಲ್ಸ್, ಲೆಗ್ರಾಂಡ್ ಯಾವುದಾದ್ರೂ ಸರಿ, ಹೆಸರಿಗಿಂತ ಐಎಸ್ಐ ಗುರುತು, 10 ಕೆಎ (ಶಾರ್ಟ್ ಆದಾಗ ಕಡಿಯಬಲ್ಲ ಕರೆಂಟ್, 10 ಸಾವಿರ ಆಂಪ್ಸ್) ಅಂತ ಮುದ್ರಿಸಿದೆಯಾ ನೋಡಿ. ಸಂತೇಲಿ ಸಿಗೋ ಹೆಸರಿಲ್ಲದ್ದು ಬೇಡ. 16 ಬೀಳ್ತಿದೆ ಅಂತ ಅದೇ ಹಳೇ ವೈರಿಗೆ 32 ಹಾಕೋರೂ ಇಲ್ಲೇ ಇದ್ದಾರೆ. ಮೂರೆಳೆ ಹೊಸೆಯೋದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ, ದುಡ್ಡು ಜಾಸ್ತಿ ಅಷ್ಟೇ.

ಟಿವಿ, ಸ್ಟೆಬಿಲೈಸರ್ ಒಳಗಿನ ಗಾಜಿನ ಫ್ಯೂಸಿಗೂ ಸಿಗರೇಟ್ ಪ್ಯಾಕಿನ ಹಾಳೆ ಸುತ್ತಬೇಡಿ. ಲೋಹದ ಮುಚ್ಚಳದ ಮೇಲೆ ಟಿ3.15 ಅಂತ ಇದ್ರೆ ನಿಧಾನದ್ದು, ಎಫ್ ಇದ್ರೆ ಬೇಗನೆ ಹೋಗೋದು. ಟಿ ಜಾಗಕ್ಕೆ ಎಫ್ ಹಾಕಿದ್ರೆ ಸ್ವಿಚ್ ಹಾಕಿದ ಕೂಡಲೇ ಹೋಗುತ್ತೆ. ಮೈಕ್ರೋವೇವಲ್ಲಿ ಮರಳು ತುಂಬಿದ ಪಿಂಗಾಣಿ ಫ್ಯೂಸ್ ಇರುತ್ತೆ, ಅಲ್ಲಿಗೆ ಗಾಜಿನದು ಹಾಕಿದ್ರೆ ಸಿಡಿಯುತ್ತೆ. ಅದರ ಕೆಪಾಸಿಟರಲ್ಲಿ ಪ್ಲಗ್ ಕಿತ್ತ ಮೇಲೂ ಚಾರ್ಜ್ ಇರುತ್ತೆ, ಗೊತ್ತಿಲ್ಲದವರು ಬಿಚ್ಚಲೇಬೇಡಿ. ಮಿಕ್ಸಿ ನಿಂತ್ರೆ ಮಾತ್ರ ಏನೂ ಬಿಚ್ಚೋ ಮೊದಲು ಅಡಿಯ ಕೆಂಪು ಬಟನ್ ಒತ್ತಿ ನೋಡಿ.